ಮೆಲ್ಲಗೆ ಮಾತಾಡಲು ಕಲಿತ ಗುಡುಗಮ್ಮ

ಗುಡುಗಮ್ಮನಿಗೆ ಭಾಷಣ ಮಾಡುವವರನ್ನು ಕಂಡರೆ ಮೈಯುರಿ. 'ಎರಡೇ ಎರಡು ಮಾತು' ಎಂದು ಎದ್ದು ನಿಂತು ಇನ್ನೂರು ಮಾತಾಡಿ, 'ಇಲ್ಲಿಗೆ ಮುಗಿಸುತ್ತೇನೆ' ಎಂದ ಮೇಲೂ ಇನ್ನೈವತ್ತು ಮಾತಾಡುತ್ತಾರಲ್ಲ, ಆ ಪೈಕಿಯವರನ್ನು. ಅಂಥವರ ಬಗ್ಗೆ ಅವಳ ತೀರ್ಪು ಒಂದೇ ಪದದ್ದು: ಬುರುಡೆ. ಆಸ್ಪತ್ರೆಯ ನಿರ್ದೇಶಕರಿಂದ ಹಿಡಿದು ಲಿಫ್ಟಿನಲ್ಲಿ ಸಿಗುವ ಔಷಧಿ ಕಂಪನಿಯ ಟೈ ಕಟ್ಟಿದ ಏಜೆಂಟರವರೆಗೆ ಎಲ್ಲರಿಗೂ ಅದೇ ಪದ. ಎದುರಿಗೆ ಹೇಳುವುದಕ್ಕೂ ಅವಳಿಗೆ ಸಂಕೋಚವಿರಲಿಲ್ಲ. ಅದು ತನ್ನ ದೊಡ್ಡ ಗುಣವೆಂದು ಅವಳು ನಂಬಿದ್ದಳು. ಅವಳ ಜೊತೆ ಕೆಲಸ ಮಾಡುವ ಲಾಂಡ್ರಿಯ ಹೆಂಗಸರೂ ಹಾಗೇ ನಂಬಿದ್ದರು.

ಗುಡುಗಮ್ಮ ಎಂಬ ಹೆಸರು ಕೊಟ್ಟಿದ್ದೂ ಆ ಹೆಂಗಸರೇ. ಸುಮ್ಮನೆ ಕೊಟ್ಟಿದ್ದಲ್ಲ. ಅವಳಪ್ಪ ಬಸ್ ಡಿಪೋದಲ್ಲಿ ಎಂಜಿನ್ ಬಿಚ್ಚಿ ಕಟ್ಟುತ್ತಿದ್ದ ಮೆಕ್ಯಾನಿಕ್. ಮೂವತ್ತೈದು ತುಂಬುವಷ್ಟರಲ್ಲಿ ಕಿವಿ ಪೂರ್ತಿ ಮಂದವಾಗಿತ್ತು. ಅವನನ್ನು ಊಟಕ್ಕೆ ಕರೆಯಬೇಕೆಂದರೆ ಪಕ್ಕದ ಮನೆಯವರೂ ಕೈ ತೊಳೆದುಕೊಂಡು ಬರುವ ಹಾಗೆ ಕೂಗಬೇಕಿತ್ತು. ಹಾಗೆ ಕೂಗಿ ಕೂಗಿ ಬೆಳೆದ ಗಂಟಲು ಅದು. ಶಾಲೆಯಲ್ಲಿ ಎಲ್ಲರೂ ಸೇರಿ ಹಾಡುವಾಗ ಟೀಚರು ಇವಳನ್ನು ಕೊನೆಯ ಸಾಲಿಗೆ ತಳ್ಳಿ, ನೀನು ಬರೀ ಬಾಯಾಡಿಸು, ದನಿ ಬಿಡಬೇಡ ಎಂದಿದ್ದರು. ಇಡೀ ವರ್ಷ ಬಾಯಾಡಿಸಿದಳು. ವೇದಿಕೆ, ಮೈಕು, ಚಪ್ಪಾಳೆ ಎಂದರೆ ಅಸಡ್ಡೆ ಬೆಳೆದದ್ದು ಆಗಿನಿಂದಲೇ.

ಆದರೆ ಲಾಂಡ್ರಿಗೆ ಆ ಗಂಟಲು ಹೇಳಿ ಮಾಡಿಸಿದ್ದು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಉದ್ದನೆಯ ಹಾಲ್. ಒಂದು ಬಾಗಿಲಿಂದ ಕೊಳಕು ಬಟ್ಟೆ ಬರುತ್ತದೆ, ಇನ್ನೊಂದು ಬಾಗಿಲಿಂದ ಶುಭ್ರವಾದದ್ದು ಹೋಗುತ್ತದೆ, ನಡುವೆ ಒಂದು ಗೋಡೆ. ಕೊಳಕಿನ ಕಡೆ ಆರು ತೊಳೆಯುವ ಯಂತ್ರಗಳು ಬೆಳಗ್ಗೆ ಆರರಿಂದ ಗುಡುಗುಡು ಎನ್ನುತ್ತಿರುತ್ತವೆ. ಶುಭ್ರದ ಕಡೆ ರೋಲರ್. ರೋಲರ್ ಎಂದರೆ ಆಳಿಗಿಂತ ಉದ್ದದ ಎರಡು ಉರುಳೆಗಳು, ಒಳಗೆ ಕುದಿಯುವ ಉಗಿ. ಒದ್ದೆ ಬೆಡ್‌ಶೀಟಿನ ಎರಡು ಮೂಲೆಗಳನ್ನು ಇಬ್ಬರು ಹೆಂಗಸರು ಎರಡು ತುದಿಯಲ್ಲಿ ಹಿಡಿದು ಉರುಳೆಗಳ ಬಾಯಿಗೆ ಕೊಡಬೇಕು. ಆ ಕಡೆಯಿಂದ ಅದು ಒಣಗಿ, ಇಸ್ತ್ರಿಯಾಗಿ ಹೊರಬೀಳುತ್ತದೆ. ಆ ಗದ್ದಲದಲ್ಲಿ ಒಬ್ಬರಿಗೊಬ್ಬರು 'ಹಿಡಿ', 'ಬಿಡು' ಎಂದು ಕೂಗಿಕೊಂಡೇ ಕೆಲಸ ಸಾಗಬೇಕು. ಗುಡುಗಮ್ಮ 'ಬಿಡು' ಎಂದರೆ ಗೋಡೆಯಾಚೆಯ ಹೆಂಗಸರೂ ಕೈಯಲ್ಲಿದ್ದದ್ದನ್ನು ಬಿಡುತ್ತಿದ್ದರು.

ಉರುಳೆಗಳ ಮುಂದೆ, ಎದೆಯ ಮಟ್ಟದಲ್ಲಿ, ಈ ತುದಿಯಿಂದ ಆ ತುದಿಯವರೆಗೆ ಒಂದು ಕೆಂಪು ಸರಳು. ಅದನ್ನು ಒತ್ತಿದರೆ ಉರುಳೆ ನಿಲ್ಲುತ್ತದೆ. ಶೀಟು ಸುಕ್ಕಾದರೆ ಮೊಣಕೈಯಿಂದ ಸರಳು ಒತ್ತುವುದು, 'ಒಂದು' ಎಂದು ಎಣಿಸುವುದು, ಉರುಳೆ ನಿಂತ ಮೇಲೆ ಕೈ ಹಾಕಿ ಸುಕ್ಕು ಬಿಡಿಸುವುದು. ಇದನ್ನು ಯಾವ ಪುಸ್ತಕದಲ್ಲೂ ಬರೆದಿಲ್ಲ, ಹಿಂದಿನವಳು ಮುಂದಿನವಳಿಗೆ ತೋರಿಸಿಕೊಟ್ಟದ್ದು. ವರ್ಷಗಟ್ಟಲೆ ಮಾಡಿದವರಿಗೆ ಮೊಣಕೈ, ಎಣಿಕೆ, ಕೈ ಮೂರೂ ಒಂದೇ ಉಸಿರಿನಲ್ಲಿ ಆಗಿಬಿಡುತ್ತದೆ. ತಲೆಯನ್ನು ಕೇಳಿಕೊಂಡು ಕೈ ಹೋಗುವುದಿಲ್ಲ.

ಗುಡುಗಮ್ಮನ ಎದುರು ತುದಿಯಲ್ಲಿ ನಿಲ್ಲುತ್ತಿದ್ದವಳು ಅವಳ ಓರಗಿತ್ತಿ, ಮೈದುನನ ಹೆಂಡತಿ. ಒಂಬತ್ತು ವರ್ಷದ ಹಿಂದೆ ಗುಡುಗಮ್ಮನೇ ಕೈಹಿಡಿದು ಕರೆತಂದು ಕೆಲಸಕ್ಕೆ ಸೇರಿಸಿದ್ದಳು. ಓರಗಿತ್ತಿಯರೆಂದರೆ ಹಾವು ಮುಂಗುಸಿ ಎಂದು ಲೋಕ ಹೇಳುತ್ತದೆ. ಇವರಿಬ್ಬರು ಹಗಲೆಲ್ಲ ಎದುರುಬದುರು ನಿಂತು, ಸಂಜೆ ಒಂದೇ ಕಟ್ಟಡದ ಮೇಲು ಕೆಳಗಿನ ಮನೆಗಳಿಗೆ ಹೋಗಿ, ಆದಿತ್ಯವಾರವೂ ಒಬ್ಬಳನ್ನೊಬ್ಬಳು ಬಿಟ್ಟಿರುತ್ತಿರಲಿಲ್ಲ. ಓರಗಿತ್ತಿ ಬಾಯಿದ್ದೂ ಮೂಗಿ. ಅಂಗಡಿಯವನು ಕೊಳೆತ ಟೊಮೆಟೊ ಹಾಕಿದರೂ ಹಾಗೇ ಮನೆಗೆ ತರುವವಳು. ಗುಡುಗಮ್ಮ ಅದೇ ಚೀಲ ಎತ್ತಿಕೊಂಡು ಹೋಗಿ ಅಂಗಡಿಯವನ ಮಾನ ಹರಾಜು ಹಾಕಿ ಬದಲಾಯಿಸಿಕೊಂಡು ಬರುತ್ತಿದ್ದಳು. 'ಅಕ್ಕ ಇದ್ದಾಳೆ' ಎನ್ನುವುದೇ ಓರಗಿತ್ತಿಗೆ ಧೈರ್ಯ. ಇಬ್ಬರು ಹೆಣ್ಣುಮಕ್ಕಳ ಜಡೆ ಹೆಣೆದು, ಡಬ್ಬಿ ಕಟ್ಟಿಕೊಟ್ಟು, ಆರಕ್ಕೆ ಐದು ನಿಮಿಷವಿರುವಾಗ ಬಂದು ತನ್ನ ತುದಿಯಲ್ಲಿ ನಿಲ್ಲುತ್ತಿದ್ದಳು.

ಇನ್ನು ಮೇಲ್ವಿಚಾರಕ. ಅವನ ಹೆಸರನ್ನು ಲಾಂಡ್ರಿಯಲ್ಲಿ ಯಾರೂ ಹೇಳುತ್ತಿರಲಿಲ್ಲ, ಬೆಣ್ಣೆ ಎನ್ನುತ್ತಿದ್ದರು. ಹಿಡಿಯಲು ಹೋದರೆ ಜಾರುತ್ತಿದ್ದ, ಅದಕ್ಕೆ. ಎರಡು ವರ್ಷದಲ್ಲಿ ಅವನ ಬಾಯಿಂದ 'ಇಲ್ಲ' ಎಂಬ ಪದ ಯಾರೂ ಕೇಳಿರಲಿಲ್ಲ. ಹಾಗೆಯೇ ಅವನಿಂದ ಒಂದು ಕೆಲಸ ಆದದ್ದನ್ನೂ ಯಾರೂ ಕಂಡಿರಲಿಲ್ಲ. ಗಾಳಿಯಂತ್ರ ಕೆಟ್ಟಿದೆ ಎಂದರೆ 'ಖಂಡಿತ ಗಮನಿಸ್ತೀನಿ' ಎನ್ನುವನು. ಗ್ಲೌಸು ಹರಿದಿದೆ ಎಂದರೆ 'ಒಳ್ಳೇ ವಿಷಯ ಹೇಳಿದ್ರಿ' ಎನ್ನುವನು. ಗ್ಲೌಸು ಹರಿದರೆ ಅದರಲ್ಲಿ ಒಳ್ಳೆಯದು ಏನಿದೆಯೋ ಆ ಪುಣ್ಯಾತ್ಮನಿಗೇ ಗೊತ್ತು. ಗೋಡೆಗಳ ಮೇಲೆ ನಗುವ ಮುಖದ ಫಲಕಗಳನ್ನು ಮಾತ್ರ ತಿಂಗಳಿಗೊಮ್ಮೆ ಬದಲಾಯಿಸುತ್ತಿದ್ದ. ನೆಲಮಾಳಿಗೆಗೆ ಇಳಿಯುವುದು ಕಡಿಮೆ. ಇಳಿದರೆ ಉಗಿಗೆ ಅವನ ಕನ್ನಡಕ ಮಂಜಾಗುತ್ತಿತ್ತು.

ಆ ವರ್ಷ ಆಸ್ಪತ್ರೆಗೆ ಒಂದು ದೊಡ್ಡ ಗುಣಮಟ್ಟದ ಪ್ರಮಾಣಪತ್ರ ಬರುವುದಿತ್ತು. ಪರೀಕ್ಷಕರು ಬಂದು ಹೋಗುತ್ತಿದ್ದರು. ಪ್ರತಿ ವಿಭಾಗದ ದೂರಿನ ಪುಸ್ತಕ ಖಾಲಿ ಇರಬೇಕೆಂದು ಬೆಣ್ಣೆಗೆ ಮೇಲಿನಿಂದ ಸೂಚನೆ ಬಂದಿತ್ತು. ದೂರು ಇರಬಾರದೆಂದರೆ ಎರಡು ದಾರಿ: ಕೆಟ್ಟದ್ದನ್ನು ಸರಿಮಾಡಿಸುವುದು, ಇಲ್ಲವೇ ಪುಸ್ತಕ ಬೀರುವಿನಲ್ಲಿಟ್ಟು ಬೀಗ ಹಾಕುವುದು. ಬೆಣ್ಣೆಗೆ ಬೀಗ ಸುಲಭವಾಯಿತು.

ಸರಳು ಕೈಕೊಟ್ಟದ್ದು ಅದೇ ದಿನಗಳಲ್ಲಿ. ಒಂದು ಬೆಳಗ್ಗೆ ಶೀಟು ಸುಕ್ಕಾಯಿತೆಂದು ಗುಡುಗಮ್ಮ ಮೊಣಕೈ ಒತ್ತಿದಳು, 'ಒಂದು' ಎಂದಳು; ಉರುಳೆ ತಿರುಗುತ್ತಲೇ ಇತ್ತು. ಎರಡು, ಮೂರು. ನಾಲ್ಕಕ್ಕೆ ನಿಂತಿತು. ಕೈ ಹಾಕಿರಲಿಲ್ಲ, ಅವಳ ಅದೃಷ್ಟ. ಹಳೇ ಬಟ್ಟೆ ಕೊಟ್ಟು ಮೂರು ಸಲ ನೋಡಿದಳು. ಮೂರು ಸಲವೂ ನಾಲ್ಕು. ಅಲ್ಲಿಯೇ ಅಪ್ಪಣೆಯಾಯಿತು: ಇವತ್ತಿನಿಂದ ಯಾರೂ ಕೈ ಹಾಕಕೂಡದು, ಒಂದು ಗೇಣು ಹಿಂದೆ ನಿಲ್ಲಬೇಕು, ಸುಕ್ಕಾದರೆ ಬಿಟ್ಟುಬಿಡಬೇಕು, ಸುಕ್ಕಾಗಿಯೇ ಹೋಗಲಿ, ಮತ್ತೆ ತೊಳೆದರಾಯಿತು. ಓರಗಿತ್ತಿಗಂತೂ ಎರಡೆರಡು ಸಲ ಹೇಳಿದಳು. ಓರಗಿತ್ತಿ ಕಾಲಿನ ಹತ್ತಿರ ನೆಲಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದುಕೊಂಡು ಅದರಾಚೆ ನಿಂತಳು.

ಆಮೇಲೆ ಗುಡುಗಮ್ಮ ಮೂರನೇ ಮಹಡಿಗೆ ಹತ್ತಿದಳು. ಬೆಣ್ಣೆಯ ಕೋಣೆಯಲ್ಲಿ ಇಬ್ಬರು ಪರೀಕ್ಷಕರು ಕುಳಿತು ಕಾಫಿ ಕುಡಿಯುತ್ತಿದ್ದರು. ಅವನು ಎಂದಿನಂತೆ ಹಲ್ಲು ಬಿಟ್ಟು, ಆಮೇಲೆ ಬನ್ನಿ ಎಂಬಂತೆ ಕೈ ಮಾಡಿದ. ಇವಳ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ, ಅಲ್ಲಿಂದ ಬಾಯಿಗೆ ಎಷ್ಟು ದೂರ?

"ರೋಲರಿನ ಸರಳು ಸತ್ತಿದೆ. ಕುರ್ಚಿ ಬಿಟ್ಟು ಕೆಳಗಿಳಿದು ನೋಡೋ ಯೋಗ್ಯತೆ ಇಲ್ವಾ ನಿಮಗೆ? ಯಾರದಾದ್ರೂ ಕೈ ಹೋದ್ಮೇಲೆ ಬರ್ತೀರಾ, ಹಲ್ಲು ಕಿರ್ಕೊಂಡು?"

ಹೇಳಿದ್ದರಲ್ಲಿ ಸುಳ್ಳು ಒಂದಕ್ಷರವಿಲ್ಲ. ಆದರೆ ಬೆಣ್ಣೆಯ ಕಿವಿಗೆ ಬಿದ್ದದ್ದು ಯೋಗ್ಯತೆ ಮತ್ತು ಹಲ್ಲು, ಎರಡೇ ಪದ. ಪರೀಕ್ಷಕರು ಕಾಫಿ ಕಪ್ಪನ್ನು ನೋಡುತ್ತ ಕುಳಿತರು. ಮೂರನೇ ದಿನ ಗುಡುಗಮ್ಮನ ಕೈಗೆ ಒಂದು ಕಾಗದ ಬಂತು: ಅತಿಥಿಗಳ ಎದುರು ಅನುಚಿತ ವರ್ತನೆ, ಅದಕ್ಕಾಗಿ ಆರು ಶನಿವಾರ ಪರಿಣಾಮಕಾರಿ ಸಂವಹನದ ತರಬೇತಿಗೆ ಹಾಜರಾಗತಕ್ಕದ್ದು. ಸರಳಿನ ಸುದ್ದಿ ಅದರಲ್ಲಿ ಎಲ್ಲೂ ಇರಲಿಲ್ಲ. ದೂರಿನ ಪುಸ್ತಕ ಬೀರುವಿನಲ್ಲಿ ತಣ್ಣಗೆ ಕುಳಿತಿತ್ತು.

ತರಬೇತಿ ಕೊಡುವವನು ಮಾತಿನ ಮೇಷ್ಟ್ರು. ಚೂಪು ಮೂತಿಯ ಬೂಟು, ಕಿವಿಯಿಂದ ಬಾಯಿಗೆ ಬಾಗಿದ ಮೈಕು. ಎಂಟು ಜನ ಕುಳಿತ ಕೋಣೆಗೆ ಮೈಕು ಯಾಕೆ ಎಂದು ಯಾರೂ ಕೇಳಲಿಲ್ಲ. ಅವನ ಶಾಸ್ತ್ರ ಇಷ್ಟೇ: ಮೊದಲು ಹೊಗಳಿ, ಆಮೇಲೆ ವಿಷಯ ಹೇಳಿ, ಕೊನೆಗೆ ಮತ್ತೆ ಹೊಗಳಿ. ದನಿ ತಗ್ಗಿಸಿ. ಬೆರಳು ತೋರಿಸಬೇಡಿ. ಕೆಟ್ಟಿದೆ, ಆಗಲ್ಲ, ತಪ್ಪು ಎಂಬ ಪದಗಳನ್ನು ಇವತ್ತೇ ಕಸದ ಬುಟ್ಟಿಗೆ ಹಾಕಿ. ಸಮಸ್ಯೆ ಎಂಬುದು ಲೋಕದಲ್ಲೇ ಇಲ್ಲ, ಇರುವುದೆಲ್ಲ ಸುಧಾರಣೆಗೆ ಅವಕಾಶ. ಹಾಗಾದರೆ ಸತ್ತವನಿಗೂ ಉಸಿರಾಡುವ ಅವಕಾಶವಿದೆ ಅನ್ನಬೇಕಾ ಎಂದು ಗುಡುಗಮ್ಮ ಕೇಳಿದಳು. ಕೋಣೆಯೆಲ್ಲ ನಕ್ಕಿತು. ಮೇಷ್ಟ್ರು ಬೇಜಾರು ಮಾಡಿಕೊಳ್ಳಲಿಲ್ಲ. ಬೇಜಾರು ಮಾಡಿಕೊಳ್ಳುವುದೂ ಅವನ ಶಾಸ್ತ್ರದಲ್ಲಿ ನಿಷಿದ್ಧ. ನಿಮ್ಮಲ್ಲಿ ಅದ್ಭುತ ಶಕ್ತಿಯಿದೆ, ಅದನ್ನು ಹರಿಯಬಿಡೋಣ ಎಂದ.

ಎರಡನೇ ಶನಿವಾರ ಮೇಷ್ಟ್ರು ಲಾಂಡ್ರಿಗೇ ಬಂದು ಕೆಲಸ ನೋಡಿದ. 'ಹಿಡಿ', 'ಬಿಡು' ಎಂಬ ಕೂಗು ಕೇಳಿ ಅವನಿಗೆ ಎದೆ ನೋವೇ ಬಂದಿತು. ಇದು ಕೆಲಸದ ಜಾಗದ ಘನತೆಗೆ ತಕ್ಕ ಭಾಷೆಯಲ್ಲ, ಕಣ್ಸನ್ನೆ ಮಾಡಿ, ಮುಗುಳ್ನಕ್ಕು ತಲೆಯಾಡಿಸಿ ಎಂದು ಸಲಹೆ ಕೊಟ್ಟು, ಬೆವರು ಒರೆಸಿಕೊಂಡು ಮೇಲೆ ಹೋದ. ಇಡೀ ಆಸ್ಪತ್ರೆಯಲ್ಲಿ ಹೇಳಿದ ಕೂಡಲೇ ಕೇಳಿಸಿ, ಕೇಳಿಸಿದ ಕೂಡಲೇ ಕೆಲಸವಾಗುತ್ತಿದ್ದ ಮಾತು ಆ ಎರಡೇ. ಕಲಿಸಲು ಬಂದ ಬೃಹಸ್ಪತಿಗೆ ಅದೇ ಒರಟಾಗಿ ಕಂಡಿತು.

ಆದರೂ, ಹೇಳಲೇಬೇಕು, ಗುಡುಗಮ್ಮ ಕಲಿತಳು. ಮೊದಲು ಅಣಕಿಸಲೆಂದು ಅವನ ದನಿಯಲ್ಲಿ ಮಾತಾಡಿದಳು. ಓರಗಿತ್ತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾಲ್ಕನೇ ವಾರದ ಹೊತ್ತಿಗೆ ಅಣಕ ಯಾವುದು, ಅಭ್ಯಾಸ ಯಾವುದು ಅವಳಿಗೇ ತಿಳಿಯದಾಯಿತು. ಮನೆಯಲ್ಲಿ ಗಂಡನಿಗೆ, ನೀವು ಎಷ್ಟು ಚೆನ್ನಾಗಿ ಪೇಪರ್ ಓದ್ತಿದೀರಿ, ಒಂದು ಲೋಟ ನೀರು ಕೊಟ್ಟರೆ ಸಂತೋಷ ಎಂದಳು. ಗಂಡ ಎದ್ದು ಬಂದು ಹಣೆ ಮುಟ್ಟಿ ನೋಡಿದ. ಹಿಂದೆ ಇವಳು ಬಂದರೆ ಬಾಗಿಲು ಹಾಕಿಕೊಳ್ಳುತ್ತಿದ್ದ ಸ್ಟೋರಿನ ಗುಮಾಸ್ತ ಈಗ ಕುರ್ಚಿ ಕೊಟ್ಟು ಕೂರಿಸಿದ. ಐವತ್ತೆರಡು ವರ್ಷದಲ್ಲಿ ಮೊದಲ ಸಲ ಜನ ಅವಳ ಮಾತಿಗೆ ಕಿವಿ ಮುಚ್ಚಿಕೊಳ್ಳದೆ ಮುಖ ನೋಡಿದರು. ಅವಳಿಗೆ ಅದು ಇಷ್ಟವಾಯಿತು. ಬುರುಡೆಗಳನ್ನು ಕಂಡರೆ ಉರಿಯುತ್ತಿದ್ದವಳಿಗೆ ಇಷ್ಟವಾಗಬಾರದಿತ್ತು, ಆದರೆ ಆಯಿತು.

ಈ ನಡುವೆ ಸರಳು ಹಾಗೆಯೇ ಇತ್ತು. ಸುಕ್ಕಾದ ಶೀಟುಗಳು ರಾಶಿ ಬೀಳುತ್ತಿದ್ದವು. ಓರಗಿತ್ತಿಯ ಗೆರೆ ಅಳಿಸಿದಾಗೆಲ್ಲ ಅವಳು ಮತ್ತೆ ಎಳೆದುಕೊಳ್ಳುತ್ತಿದ್ದಳು. ಆರನೇ ಶನಿವಾರ ಮುಗಿದ ಮೇಲೆ ಮಾತಿನ ಮೇಷ್ಟ್ರು ಗುಡುಗಮ್ಮನನ್ನು ತನ್ನ ಸಾಧನೆಯ ಗೊಂಬೆಯಾಗಿ ಆರಿಸಿದ. ಮುಂದಿನ ವಾರ ನಿರ್ದೇಶಕರ ಸಮ್ಮುಖದಲ್ಲಿ ಎಲ್ಲ ವಿಭಾಗಗಳ ಸಭೆ. ಅಲ್ಲಿ ಇವಳು ಐದು ನಿಮಿಷ ಮಾತಾಡಬೇಕು. ಸುದ್ದಿ ಕೇಳಿದ ಓರಗಿತ್ತಿ ಅಂದು ಊಟದ ಹೊತ್ತಿಗೆ ಡಬ್ಬಿ ಮುಚ್ಚಿಟ್ಟು, ಅಪರೂಪಕ್ಕೆ ತಾನಾಗಿಯೇ ಮಾತು ತೆಗೆದಳು.

"ಅಕ್ಕ, ಈಗ ನಿನ್ನ ಮಾತು ಅವ್ರಿಗೂ ಅರ್ಥ ಆಗುತ್ತೆ. ಸರಳಿನ ವಿಷಯ ಅಲ್ಲೇ ಹೇಳ್ಬಿಡು. ನನಗೆ ದಿನಾ ಹೆದರಿಕೆ ಆಗುತ್ತೆ."

ಗುಡುಗಮ್ಮ ಹೇಳುತ್ತೇನೆ ಎಂದಳು. ಹೇಳಲೆಂದೇ ಹೊರಟಳು. ಹಾಳೆಯಲ್ಲಿ ಬರೆದೂ ಬರೆದಳು: ಸರಳು ಸತ್ತಿದೆ, ನಾಲ್ಕು ಎಣಿಸುವವರೆಗೆ ಉರುಳೆ ನಿಲ್ಲುವುದಿಲ್ಲ, ಸರಿಮಾಡಿಸದಿದ್ದರೆ ಕೈ ಹೋಗುತ್ತದೆ. ಮೇಷ್ಟ್ರು ಅದನ್ನು ನೋಡಿ ಹಸುಗೂಸು ಮೈಮೇಲೆ ಗಲೀಜು ಮಾಡಿದ ಹಾಗೆ ಮುಖ ಮಾಡಿ, ಮೂರು ಸಾಲನ್ನೂ ಹೊಡೆದುಹಾಕಿ, ಪಕ್ಕದಲ್ಲಿ ತನ್ನ ಸಾಲು ಬರೆದುಕೊಟ್ಟ. ಬರೆದುಕೊಳ್ಳಲಿ ಮುಂಡೇದು, ಮೈಕಿನ ಮುಂದೆ ನಿಲ್ಲುವವಳು ನಾನು ತಾನೇ ಎಂದು ಗುಡುಗಮ್ಮ ಮನಸ್ಸಿನಲ್ಲೇ ಅಂದುಕೊಂಡಳು.

ಸಭೆಯ ದಿನ ದೊಡ್ಡ ಹಾಲ್ ತುಂಬಿತ್ತು. ಮುಂದಿನ ಸಾಲಿನಲ್ಲಿ ನಿರ್ದೇಶಕರು, ಪಕ್ಕದಲ್ಲಿ ಬೆಣ್ಣೆ, ಎಲ್ಲರ ಹಿಂದೆ ಗೋಡೆಗೊರಗಿ ಲಾಂಡ್ರಿಯ ಹೆಂಗಸರು. ಗುಡುಗಮ್ಮ ಮೈಕಿನ ಮುಂದೆ ನಿಂತಳು. ತನ್ನ ಗಂಟಲಿನ ಕಥೆಯನ್ನೇ ತಮಾಷೆ ಮಾಡಿ ಹೇಳಿದಳು, ಹಾಲ್ ನಕ್ಕಿತು. ನೆಲಮಾಳಿಗೆಯಿಂದ ದಿನಕ್ಕೆ ಸಾವಿರ ಶುಭ್ರ ಶೀಟು ಮೇಲೆ ಹೋಗುವ ಮಾತು ಹೇಳಿದಳು, ಚಪ್ಪಾಳೆ ಬಿತ್ತು. ಆ ಚಪ್ಪಾಳೆ ಮೈಗೆ ಬೆಚ್ಚಗೆ ಹತ್ತಿತು. ಸರಳಿನ ಜಾಗ ಬಂತು. ಬಾಯಲ್ಲಿ ಎರಡೂ ಮಾತು ಸಿದ್ಧವಿದ್ದವು, ತನ್ನದು ಮತ್ತು ಮೇಷ್ಟ್ರದು. ನಿರ್ದೇಶಕರು ಗದ್ದಕ್ಕೆ ಕೈಯಿಟ್ಟು ನಗುತ್ತ ಕೇಳುತ್ತಿದ್ದರು. ಸತ್ತಿದೆ ಎಂದರೆ ಆ ನಗು ಹೋಗುತ್ತದೆ. ಅಷ್ಟೇ. ಮತ್ತೇನೂ ಹೋಗುತ್ತಿರಲಿಲ್ಲ.

"ನಮ್ಮ ರೋಲರಿನ ಸುರಕ್ಷಾ ಸರಳು ಇಷ್ಟು ವರ್ಷ ನಮ್ಮನ್ನ ತಾಯಿ ಹಾಗೆ ಕಾಪಾಡಿದೆ. ಅದು ಇನ್ನೂ ಚುರುಕಾಗಿ ಸ್ಪಂದಿಸೋ ಅವಕಾಶ ಇದೆ. ನಮ್ಮ ಮೇಲ್ವಿಚಾರಕರ ಕಾಳಜಿ ಇರೋವಾಗ ಅದಕ್ಕೂ ನಾವು ಚಿಂತೆ ಮಾಡಬೇಕಾಗಿಲ್ಲ."

ಅಡ್ಡಗೋಡೆಯ ಮೇಲೆ ದೀಪ ಇಡುವುದೆಂದರೆ ಇದೇ. ಹಾಲ್ ಎದ್ದು ನಿಂತು ಚಪ್ಪಾಳೆ ತಟ್ಟಿತು. ನಿರ್ದೇಶಕರು ಕೈ ಕುಲುಕಿ, ಲಾಂಡ್ರಿಯ ಸುರಕ್ಷತೆ ಇಷ್ಟು ಚೆನ್ನಾಗಿದೆಯೆಂದು ತಮಗೆ ತಿಳಿದಿರಲಿಲ್ಲ ಎಂದರು. ಬೆಣ್ಣೆ ತಾನೇ ಕಟ್ಟು ಹಾಕಿಸಿದ ಪ್ರಶಸ್ತಿಪತ್ರ ಕೊಟ್ಟ. ವೇದಿಕೆ ಇಳಿಯುವಾಗ ಗುಡುಗಮ್ಮನಿಗೆ ತಾನು ಹೇಳಬೇಕಾದ್ದನ್ನು ಹೇಳಿಲ್ಲವೆಂಬುದು ಚೆನ್ನಾಗಿಯೇ ತಿಳಿದಿತ್ತು. ಮುಂದಿನ ವಾರ ಬೆಣ್ಣೆಯ ಕೋಣೆಗೆ ಹೋಗಿ ಬಿಡಿಸಿ ಹೇಳಿದರಾಯಿತು, ಈಗಂತೂ ಅವನು ಕೇಳುತ್ತಾನೆ ಎಂದು ತನ್ನನ್ನೇ ಸಮಾಧಾನ ಮಾಡಿಕೊಂಡಳು. ಸಂಜೆ ಮನೆಗೆ ನಡೆಯುವಾಗ ಗಾಜು ಒಡೆದೀತೆಂದು ಓರಗಿತ್ತಿಯೇ ಆ ಪ್ರಶಸ್ತಿಪತ್ರವನ್ನು ಎದೆಗವಚಿಕೊಂಡು ಬಂದಳು. ಅವಳ ಮುಖ ಹಗುರಾಗಿತ್ತು. ಸರಳಿನ ಮಾತು ಇಬ್ಬರೂ ಎತ್ತಲಿಲ್ಲ.

ನಾಲ್ಕನೇ ದಿನ, ಬೆಳಗ್ಗೆ ಹತ್ತರ ಸುಮಾರಿಗೆ, ಓರಗಿತ್ತಿಯ ತುದಿಯಲ್ಲಿ ಶೀಟು ಸುಕ್ಕಾಯಿತು. ಗುಡುಗಮ್ಮ 'ಬಿಡು' ಎಂದು ಕೂಗಿದಳು, ತನ್ನ ತುದಿ ಬಿಟ್ಟಳು. ಓರಗಿತ್ತಿ ಬಿಡಲಿಲ್ಲ. ಮೊಣಕೈಯಿಂದ ಸರಳು ಒತ್ತಿದಳು, ತುಟಿ 'ಒಂದು' ಎಂದಿತು, ಬಲಗೈ ಒಳಗೆ ಹೋಯಿತು. ಉರುಳೆ ಇನ್ನೂ ಮೂರು ಎಣಿಕೆ ತಿರುಗಿತು.

ಗುಡುಗಮ್ಮ ಓಡಿಹೋಗಿ ಗೋಡೆಯ ದೊಡ್ಡ ಸ್ವಿಚ್ಚು ಎಳೆದಳು. ನಾಲ್ಕು ಬೆರಳು ಹೋಗಿದ್ದವು, ಹೆಬ್ಬೆರಳೊಂದು ಉಳಿಯಿತು. ಆಪರೇಷನ್ ಮಾಡಿದ್ದು ಅದೇ ಆಸ್ಪತ್ರೆಯಲ್ಲಿ. ಮಂಚದ ಮೇಲೆ ಹಾಸಿದ್ದೂ ಆ ಕೈ ಇಸ್ತ್ರಿ ಮಾಡಿದ ಶೀಟೇ.

ಆರು ವಾರಕ್ಕೂ ಮೀರಿ ಆಗದ ರಿಪೇರಿ ಅಂದು ಎರಡು ಗಂಟೆಯಲ್ಲಿ ಆಯಿತು. ಬೆಣ್ಣೆ ಕನ್ನಡಕ ಮಂಜಾದರೂ ಲೆಕ್ಕಿಸದೆ ಕೆಳಗೆ ನಿಂತು ಮಾಡಿಸಿದ. ಆಮೇಲೆ ತಿಪ್ಪೆ ಸಾರಿಸುವ ಕೆಲಸಕ್ಕೆ ಕುಳಿತ. ಸರಳು ಮೊದಲಿಂದಲೂ ಸರಿಯಿತ್ತು, ಕೆಲಸಗಾರ್ತಿಯ ಅಜಾಗರೂಕತೆಯಿಂದ ಹೀಗಾಯಿತು ಎಂದು ವರದಿ ಬರೆದ. ಆ ವರದಿಯೇ ನಿಜವೆಂದಾಗಿಬಿಟ್ಟರೆ ಓರಗಿತ್ತಿಗೆ ಕೈಯೂ ಇಲ್ಲ, ಕೆಲಸವೂ ಇಲ್ಲ, ಮೇಲೆ ತಪ್ಪಿತಸ್ಥೆ ಎಂಬ ಪಟ್ಟ ಬೇರೆ. ಗುಡುಗಮ್ಮನನ್ನು ಕರೆಸಿ, ನೀವು ಪಾಳಿಯ ಮುಖ್ಯಸ್ಥೆಯಾಗಲು ಎಷ್ಟು ಯೋಗ್ಯರು ಎಂದು ಮೊದಲು ಹೊಗಳಿ, ವಿಚಾರಣೆಯಲ್ಲಿ ಸರಳು ಸರಿಯಿತ್ತೆಂದು ಹೇಳಬೇಕೆಂದು ನಡುವೆ ಹೇಳಿ, ನಿಮ್ಮಂಥವರಿಂದಲೇ ಈ ಸಂಸ್ಥೆ ಎಂದು ಕೊನೆಗೆ ಮತ್ತೆ ಹೊಗಳಿದ. ಅವಳು ಅವನ ಮುಖವನ್ನು ಒಂದು ಸಲ ಚೆನ್ನಾಗಿ ನೋಡಿ, ಎದ್ದು ಬಂದಳು. ಉಗಿದರೆ ಉಗುಳು ದಂಡ.

ವಿಚಾರಣೆಗೆ ಕಾರ್ಮಿಕ ಇಲಾಖೆಯಿಂದ ಒಬ್ಬ ಅಧಿಕಾರಿಣಿ ಬಂದಳು. ಕಡಿಮೆ ಮಾತಿನ ಹೆಂಗಸು. ಕೇಳಿದ್ದನ್ನೆಲ್ಲ ತಾನೇ ಪೆನ್ನಿನಲ್ಲಿ ಬರೆದುಕೊಳ್ಳುತ್ತಿದ್ದಳು. ಉದ್ದ ಮೇಜಿನ ಒಂದು ಕಡೆ ಬೆಣ್ಣೆ, ಇನ್ನೊಂದು ಕಡೆ ಗುಡುಗಮ್ಮ, ಅವಳ ಪಕ್ಕ ಕಟ್ಟು ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಓರಗಿತ್ತಿ. ಗುಡುಗಮ್ಮನ ಸರದಿ ಬಂದಾಗ ಅವಳು ಬೈಯಲಿಲ್ಲ, ಬೆಣ್ಣೆಯನ್ನೂ ಹಚ್ಚಲಿಲ್ಲ. ಸರಳು ಯಾವ ದಿನ ಕೆಟ್ಟಿತು, ಎಷ್ಟು ಸಲ ಬಟ್ಟೆ ಕೊಟ್ಟು ನೋಡಿದಳು, ಎಷ್ಟು ಎಣಿಕೆಗೆ ನಿಂತಿತು, ಯಾರಿಗೆ ಯಾವಾಗ ಹೇಳಿದಳು, ಓರಗಿತ್ತಿ ಹೇಗೆ ಗೆರೆ ಎಳೆದುಕೊಂಡು ನಿಂತಳು, ಆ ದಿನ ತಾನು ಏನೆಂದು ಕೂಗಿದಳು ಎಂದು ಒಂದೊಂದಾಗಿ ಹೇಳಿದಳು. ಕಡ್ಡಿ ಮುರಿದ ಹಾಗೆ ಹೇಳುವುದು, ಕೇಳುವವರಿಗೆ ಅರ್ಥವಾಗುವ ಹಾಗೆ ಹೇಳುವುದು, ಎರಡೂ ಒಟ್ಟಿಗೆ ಆದದ್ದು ಅವಳ ಜನ್ಮದಲ್ಲಿ ಅದೇ ಮೊದಲು.

ಬೆಣ್ಣೆ ತನ್ನ ಅಸ್ತ್ರ ತೆಗೆದ. ಸಭೆಯ ಧ್ವನಿಮುದ್ರಣ ಹಾಕಿದ. ತಾಯಿ ಹಾಗೆ ಕಾಪಾಡಿದೆ, ಚಿಂತೆ ಮಾಡಬೇಕಾಗಿಲ್ಲ ಎಂಬ ಇಂಪಾದ ದನಿ ಕೋಣೆಯಲ್ಲಿ ಕೇಳಿಸಿತು. ಅಧಿಕಾರಿಣಿ ತಲೆಯೆತ್ತಿದಳು.

"ಅದು ನನ್ನ ದನಿ, ಇವರ ಮಾತು," ಎಂದಳು ಗುಡುಗಮ್ಮ. "ನನ್ನ ಮಾತನ್ನ ಇವರ ಮೇಷ್ಟ್ರು ಹೊಡೆದುಹಾಕಿದ್ರು."

ಹೊಡೆದುಹಾಕಿದ ಮೂರು ಸಾಲಿನ ಆ ಹಾಳೆಯನ್ನು ಮೇಜಿನ ಮೇಲಿಟ್ಟಳು. ಪಕ್ಕದಲ್ಲಿ ಅನುಚಿತ ವರ್ತನೆಯ ಕಾಗದವನ್ನೂ ಇಟ್ಟಳು. ಅಧಿಕಾರಿಣಿ ಎರಡನ್ನೂ ಓದಿ, ಈಕೆ ಅಂದು ನಿಮ್ಮ ಕೋಣೆಗೆ ಬಂದು ಯಾವ ವಿಷಯಕ್ಕೆ ಕೂಗಾಡಿದಳು ಎಂದು ಬೆಣ್ಣೆಯನ್ನು ಕೇಳಿದಳು. ಅವನು ಅದು ಏನೋ ಸರಳಿನ ವಿಷಯ, ಮುಖ್ಯ ಪ್ರಶ್ನೆ ಅದಲ್ಲ, ಆಕೆ ಆಡಿದ ರೀತಿ ಎಂದು ಶುರುಮಾಡಿ, ಅರ್ಧದಲ್ಲಿ ತನ್ನ ಬಾಯಿಂದಲೇ ತಾನು ಸಿಕ್ಕಿಬಿದ್ದದ್ದು ತಿಳಿದು ನಿಲ್ಲಿಸಿದ. ಅಧಿಕಾರಿಣಿಯ ಪೆನ್ನು ನಿಲ್ಲಲಿಲ್ಲ. ದೂರಿನ ಪುಸ್ತಕ ತರಿಸಿ ಎಂದಳು. ಬೀರುವಿನ ಬೀಗದ ಕೈ ಹುಡುಕಲು ಅವನು ನಾಲ್ಕು ಜೇಬು ತಡಕಿದ.

ಆ ತಡಕಾಟವನ್ನು ಗುಡುಗಮ್ಮ ಕಣ್ಣು ತುಂಬ ನೋಡಿದಳು. ಇವನೂ ಒಂದು ಗಂಡಸು, ಇವನದೂ ಒಂದು ಕುರ್ಚಿ ಎಂದುಕೊಂಡಳು. ಎಷ್ಟೋ ವರ್ಷದ ಮೇಲೆ ಒಬ್ಬ ಬುರುಡೆಯನ್ನು ಪೂರ್ತಿ ಒಡೆದ ತೃಪ್ತಿ ಅವಳ ಮುಖದಲ್ಲಿ ಎದ್ದು ಕಾಣುತ್ತಿತ್ತು. ಗೆದ್ದೆವು ಎಂಬಂತೆ ಓರಗಿತ್ತಿಯ ಬೆನ್ನ ಮೇಲೆ ಕೈಯಿಟ್ಟಳು.

ಅಧಿಕಾರಿಣಿ ಓರಗಿತ್ತಿಯ ಕಡೆ ತಿರುಗಿದಳು. ಒಂದೇ ಒಂದು ಪ್ರಶ್ನೆ ಉಳಿದಿದೆ ಎಂದಳು. ಸರಳು ಕೆಟ್ಟಿದ್ದು ನಿಮಗೆ ಗೊತ್ತಿತ್ತು, ಅಷ್ಟು ವಾರ ಗೆರೆ ಎಳೆದುಕೊಂಡು ಹಿಂದೆಯೇ ನಿಂತಿರಿ, ಎದುರು ತುದಿಯಿಂದ ಬಿಡು ಎಂದು ಕೂಗಿದ್ದೂ ಕೇಳಿಸಿತು. ಹಾಗಿದ್ದೂ ಆ ದಿನ ಯಾಕೆ ಕೈ ಹಾಕಿದಿರಿ?

ಓರಗಿತ್ತಿ ಮಡಿಲಲ್ಲಿದ್ದ ಕಟ್ಟನ್ನು ನೋಡುತ್ತಲೇ ಉತ್ತರ ಕೊಟ್ಟಳು. ಅವಳ ದನಿ ಎಷ್ಟು ಸಣ್ಣದೆಂದರೆ ಅಧಿಕಾರಿಣಿ ಮೇಜಿನ ಮೇಲೆ ಬಾಗಬೇಕಾಯಿತು.

"ಸರಿಯಾಗಿದೆ ಅಂದ್ಕೊಂಡೆ ಮೇಡಂ. ಅಕ್ಕ ಎಲ್ಲರ ಮುಂದೆ ಅಷ್ಟು ಚೆನ್ನಾಗಿ ಹೇಳಿದ್ಲು, ಚಿಂತೆ ಇಲ್ಲ ಅಂತ. ಅಕ್ಕ ಹೇಳಿದ ಮೇಲೆ ಮಾಡಿಸಿಯೇ ಇರ್ತಾರೆ ಅಂತ ಅವತ್ತೇ ಗೆರೆ ಒರೆಸಿಬಿಟ್ಟೆ."

ದೂರಿನ ಮಾತಾಗಿ ಹೇಳಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಳು. ಬೆನ್ನ ಮೇಲಿದ್ದ ಗುಡುಗಮ್ಮನ ಕೈ ಅಲ್ಲೇ ಇತ್ತು, ತೆಗೆಯಲೂ ಆಗದೆ, ಇಡಲೂ ಆಗದೆ. ಎದುರಿಗೆ ಬೆಣ್ಣೆಯ ಮುಖಕ್ಕೆ ಮತ್ತೆ ಕಳೆ ಬರುತ್ತಿತ್ತು. ಅಧಿಕಾರಿಣಿ ಅದನ್ನೂ ಬರೆದುಕೊಂಡು, ಇದಕ್ಕೆ ನೀವು ಏನಾದರೂ ಹೇಳುವುದಿದೆಯೇ ಎಂದು ಗುಡುಗಮ್ಮನನ್ನು ಕೇಳಿದಳು. ಬೆಣ್ಣೆಯ ಮೇಲೆ, ಮೇಷ್ಟ್ರ ಮೇಲೆ, ಚಪ್ಪಾಳೆ ತಟ್ಟಿದ ಹಾಲಿನ ಮೇಲೆ ಹಾಕಬಹುದಾದ ಮಾತುಗಳು ಎಷ್ಟೋ ಅವಳ ಬಾಯಿಗೆ ಬಂದವು, ಅವೆಲ್ಲವೂ ನಿಜವಾದ ಮಾತುಗಳೇ. ಅವಳಿಗೆ ತನ್ನ ಮೇಲೆ ಎಷ್ಟು ಅಸಹ್ಯ ಹುಟ್ಟಿತೆಂದರೆ ಒಂದನ್ನೂ ಆಡಲಾಗಲಿಲ್ಲ.

"ಅವಳು ಹೇಳಿದ್ದು ನಿಜ," ಎಂದಳು. "ಮೈಕಲ್ಲಿ ಆಡಿದ ಆ ಮಾತೂ ನಂದೇ. ಬರ್ಕೊಳ್ಳಿ."